ಕೆಟ್ಟ ಹೆಸರೇ ಬಂಡವಾಳ

ಸ್ಮರಣ ಸಂಚಿಕೆಗಳಿಗೆ ಒಂದು ಸಂಪ್ರದಾಯವಿದೆ. ಮೊದಲು ಶುಭಾಶಯ ಪತ್ರಗಳು, ಆಮೇಲೆ ಸ್ಥಾಪಕರ ಭಾವಚಿತ್ರ, ಅದರ ಬೆನ್ನಿಗೇ ‘ಸಂಸ್ಥೆ ಬೆಳೆದು ಬಂದ ದಾರಿ’. ಆ ದಾರಿ ಯಾವಾಗಲೂ ಏರುದಾರಿಯೇ. ಸಾಲ, ಒಳಜಗಳ, ಸೋರುವ ಮಾಡು, ಹೇಳದೆ ಕೇಳದೆ ಬಿಟ್ಟುಹೋದ ಅಡುಗೆಯವರು, ಇವಕ್ಕೆಲ್ಲ ಅಲ್ಲಿ ಜಾಗವಿಲ್ಲ. ಆಮ್‌ಸ್ಟರ್‌ಡ್ಯಾಮಿನ ಹಾನ್ಸ್ ಬ್ರಿಂಕರ್ ಎಂಬ ಅಗ್ಗದ ಹೋಟೆಲಿನ ಕುರಿತು 2009ರಲ್ಲಿ ಹೊರಬಂದ ಪುಸ್ತಕ ಈ ಸಂಪ್ರದಾಯವನ್ನು ತಲೆಕೆಳಗು ಮಾಡಿತು. ಅದರ ಹೆಸರೇ ‘ಜಗತ್ತಿನ ಅತಿ ಕೆಟ್ಟ ಹೋಟೆಲ್’. ಹಾಗೆ ಕರೆದವರು ಪಕ್ಕದ ಬೀದಿಯ ಪ್ರತಿಸ್ಪರ್ಧಿಗಳಲ್ಲ. ಹೋಟೆಲೇ ದುಡ್ಡು ಕೊಟ್ಟು ನೇಮಿಸಿಕೊಂಡಿದ್ದ ಜಾಹೀರಾತಿನವರು.

ಹೋಟೆಲು ಇರುವುದು ಕೆರ್ಕ್‌ಸ್ಟ್ರಾಟ್ ಎಂಬ ಕಿರಿದಾದ ಬೀದಿಯಲ್ಲಿ. ಆಚೆ ಒಂದು ಕಾಲುವೆ, ಈಚೆ ಒಂದು ಕಾಲುವೆ. ಎರಡೂ 17ನೇ ಶತಮಾನದಲ್ಲಿ, ವ್ಯಾಪಾರದ ದುಡ್ಡು ಊರಿಗೆ ಹರಿದುಬಂದ ಕಾಲದಲ್ಲಿ ತೋಡಿದವು. ಸ್ವಲ್ಪ ನಡೆದರೆ ಲೈಡ್ಸೆಪ್ಲೈನ್ ಚೌಕ. ಅಲ್ಲಿ 1968ರಲ್ಲಿ ಹಳೆಯ ಚರ್ಚೊಂದು ಪ್ಯಾರಡಿಸೋ ಎಂಬ ಸಂಗೀತ ಮಂದಿರವಾಯಿತು. 1970ರಲ್ಲಿ ಹಾಲಿನ ಕಾರ್ಖಾನೆಯೊಂದು ಮೆಲ್ಕ್‌ವೆಗ್ ಆಯಿತು. ರಾತ್ರಿಯೆಲ್ಲ ಊರು ಎಚ್ಚರವಿರುವ ಕಡೆ, ಹಗಲೆಲ್ಲ ಮಲಗುವವರಿಗೆ ಸುಮಾರು 500 ಹಾಸಿಗೆ. ಹೆಚ್ಚಿನವು ಒಂದರ ಮೇಲೊಂದು. ಕುಡಿಯಲು ಬಾರ್, ಕುಣಿಯಲು ಡಿಸ್ಕೊ ಕಟ್ಟಡದೊಳಗೇ. ಬೆನ್ನಿಗೆ ಚೀಲ ಹೊತ್ತ ವಿದ್ಯಾರ್ಥಿಗಳು, ಮೊದಲ ಸಲ ಮನೆ ಬಿಟ್ಟು ಹೊರಟ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಇದರ ಗಿರಾಕಿಗಳು.

ಹೆಸರು ಮಾತ್ರ ಮಕ್ಕಳ ಪುಸ್ತಕದ್ದು. ಅಮೆರಿಕದ ಮೇರಿ ಮೇಪ್ಸ್ ಡಾಜ್ 1865ರಲ್ಲಿ ಬರೆದ ಕಾದಂಬರಿಯ ನಾಯಕ ಹಾನ್ಸ್ ಬ್ರಿಂಕರ್, ಬೆಳ್ಳಿಯ ಸ್ಕೇಟಿನ ಆಸೆಗೆ ಹಿಮಗಟ್ಟಿದ ಕಾಲುವೆಯ ಮೇಲಿನ ಪಂದ್ಯಕ್ಕೆ ಇಳಿಯುವ ಬಡ ಹುಡುಗ. ಒಡ್ಡಿನ ತೂತಿಗೆ ಬೆರಳಿಟ್ಟು ಊರನ್ನು ಉಳಿಸಿದ ಡಚ್ ಬಾಲಕನ ಕಥೆ ಕನ್ನಡದ ಮಕ್ಕಳಿಗೂ ಕೇಳಿ ಗೊತ್ತಿರುವಂಥದ್ದು. ಅದು ಲೋಕಪ್ರಸಿದ್ಧವಾದದ್ದೂ ಇದೇ ಕಾದಂಬರಿಯಿಂದ. ಇಷ್ಟು ಸದ್ಗುಣಿ ಹುಡುಗನ ಹೆಸರಿಟ್ಟುಕೊಂಡ ಜಾಗ ಇಷ್ಟು ಪೋಲಿ ಹೆಸರು ಗಳಿಸಿದ್ದು ಹೇಗೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಾಸ್ಟೆಲ್ ಹುಟ್ಟಿದ್ದು ಮೋಜಿಗಲ್ಲ, ಶಿಸ್ತಿಗೆ. 1909ರ ಆಗಸ್ಟ್ 26ರಂದು ಜರ್ಮನಿಯ ಶಾಲಾಮಾಸ್ತರ ರಿಚರ್ಡ್ ಶಿರ್ಮನ್ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಲ್ನಡಿಗೆಯ ಪ್ರವಾಸದಲ್ಲಿದ್ದ. ಸಂಜೆ ಗುಡುಗು ಮಳೆ ಹಿಡಿಯಿತು. ಬ್ರೋಲ್ ಕಣಿವೆಯ ಹಳ್ಳಿಶಾಲೆಯೊಂದು ಬಾಗಿಲು ತೆರೆಯಿತು. ರೈತನೊಬ್ಬ ಹಾಸಲು ಹುಲ್ಲು, ಕುಡಿಯಲು ಹಾಲು ಕೊಟ್ಟ. ಹುಡುಗರು ಮಲಗಿದ ಮೇಲೆ ಮಾಸ್ತರನಿಗೆ ನಿದ್ದೆ ಹತ್ತಲಿಲ್ಲ. ರಜೆಯಲ್ಲಿ ಊರೂರಿನ ಶಾಲೆಗಳೆಲ್ಲ ಖಾಲಿ ಬಿದ್ದಿರುತ್ತವಲ್ಲ, ನಡೆದು ಬರುವ ಮಕ್ಕಳಿಗೆ ಅಲ್ಲೇ ಯಾಕೆ ಹಾಸಿಗೆ ಹಾಕಬಾರದು ಎಂಬ ಯೋಚನೆ ಅವನನ್ನು ಹಿಡಿದದ್ದು ಆ ರಾತ್ರಿ. 1912ರಲ್ಲಿ ಆಲ್ಟೇನಾ ಎಂಬ ಊರಿನ ಕೋಟೆಯಲ್ಲಿ ಮೊದಲ ಕಾಯಂ ಯುವನಿಲಯ ಶುರುವಾಯಿತು. ಅಲ್ಲಿನ ದಪ್ಪ ಮರದ ಅಂತಸ್ತಿನ ಮಂಚಗಳು ಇವತ್ತಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. 1932ರಲ್ಲಿ 11 ದೇಶೀಯ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಅದನ್ನು ಕಟ್ಟಿದ್ದೂ ಆಮ್‌ಸ್ಟರ್‌ಡ್ಯಾಮಿನಲ್ಲಿ.

ಆ ಕಾಲದ ಯುವನಿಲಯಗಳ ನಿಯಮಗಳನ್ನು ಓದಿದರೆ ನಮ್ಮ ಕಡೆಯ ಕಟ್ಟುನಿಟ್ಟಿನ ವಾರ್ಡನ್ನರೇ ವಾಸಿ ಅನ್ನಿಸುತ್ತದೆ. ಹಗಲು ಹೊತ್ತು ಬಾಗಿಲು ಬಂದ್. ಬಂದವರು ಹೊರಗೆ ನಡೆಯಬೇಕು, ಒಳಗೆ ಬಿದ್ದುಕೊಂಡಿರಬಾರದು. ರಾತ್ರಿ ಹೊತ್ತಿಗೆ ಸರಿಯಾಗಿ ದೀಪ ಆರಬೇಕು. ಮದ್ಯ ವರ್ಜ್ಯ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬೆಳಗ್ಗೆ ಹೊರಡುವ ಮೊದಲು ಪಾತ್ರೆ ತೊಳೆಯುವುದೋ ನೆಲ ಗುಡಿಸುವುದೋ ಒಂದು ಕೆಲಸ ಕಡ್ಡಾಯ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಚಾರಣಕ್ಕೆ ಹೋಗಿ, ಬೆಳಗಿನ ಚಳಿಯಲ್ಲಿ ಸೀಟಿಯ ಸದ್ದಿಗೆ ಎದ್ದು, ತಟ್ಟೆ ತಾವೇ ತೊಳೆದು ಬಂದ ಕನ್ನಡಿಗರಿಗೆ ಈ ಪರಂಪರೆಯ ಪರಿಚಯ ಇದ್ದೇ ಇದೆ.

ಯುದ್ಧ ಮುಗಿದು, ರೈಲು ಅಗ್ಗವಾಗಿ, ಮಕ್ಕಳ ಕೂದಲು ಉದ್ದವಾದಾಗ ಈ ಶಿಸ್ತಿಗೆ ಗಿರಾಕಿ ಕಡಿಮೆಯಾದರು. ಆಮ್‌ಸ್ಟರ್‌ಡ್ಯಾಮಿಗೆ 1960ರ ದಶಕದ ಕೊನೆಯಿಂದ ಹಿಪ್ಪಿಗಳು ಬಂದಿಳಿದರು. ಹಾಸಿಗೆ ಸಿಗದವರು, ಹಾಸಿಗೆಗೆ ದುಡ್ಡಿಲ್ಲದವರು ಅರಮನೆಯೆದುರಿನ ಡಾಮ್ ಚೌಕದಲ್ಲೇ ಮಲಗಿದರು. 1970ರ ಆಗಸ್ಟಿನಲ್ಲಿ ನಗರಾಡಳಿತ ಅಲ್ಲಿ ಮಲಗುವುದನ್ನು ನಿಷೇಧಿಸಿತು; ನೌಕಾದಳದ ಸೈನಿಕರು ನುಗ್ಗಿ ಹೊಡೆದು ಚೌಕ ಖಾಲಿ ಮಾಡಿಸಿದರು. ಮರುವರ್ಷ ಇದೇ ಊರು ವೊಂಡೆಲ್ ಪಾರ್ಕಿನಲ್ಲಿ ಮಲಗಲು ಅವಕಾಶ ಕೊಟ್ಟಿತು. 1975ರಲ್ಲಿ ಅದನ್ನೂ ನಿಲ್ಲಿಸಿತು. ನಡುವೆ 1972ರಲ್ಲಿ ಇಂಟರ್‌ರೈಲ್ ಪಾಸು ಬಂದು, 21 ವರ್ಷದೊಳಗಿನವರು ಒಂದೇ ಟಿಕೆಟಿನಲ್ಲಿ ತಿಂಗಳಿಡೀ 21 ದೇಶ ಸುತ್ತುವಂತಾಯಿತು. ಬೀದಿಯಲ್ಲಿ ಮಲಗಬಾರದು, ನಿಜವಾದ ಹೋಟೆಲಿಗೆ ದುಡ್ಡಿಲ್ಲ, ಯುವನಿಲಯದ ಹತ್ತು ಗಂಟೆಯ ಬಾಗಿಲು ಬೇಡ. ಈ ಮೂರರ ನಡುವೆ ಸಿಕ್ಕಿಕೊಂಡವರಿಗೆಂದೇ ಖಾಸಗಿ ಹಾಸ್ಟೆಲುಗಳು ಹುಟ್ಟಿಕೊಂಡವು. ಬಾಗಿಲು ರಾತ್ರಿಯಿಡೀ ತೆರೆದದ್ದು, ಕೆಳಗೊಂದು ಬಾರ್ ಇಟ್ಟದ್ದು, ವಾರ್ಡನ್ನನ ಜಾಗದಲ್ಲಿ ಗಿರಾಕಿಯದೇ ವಯಸ್ಸಿನ ಹುಡುಗನನ್ನು ಕೂರಿಸಿದ್ದು ಈ ಮಾಲೀಕರು.

ಗ್ರೀಸಿನ ಕೊರ್ಫು ದ್ವೀಪದಲ್ಲಿ ಇದರ ಅತಿರೇಕ ನೋಡಬಹುದಿತ್ತು. ಇಟಲಿಯ ಬ್ರಿಂಡಿಸಿಯಿಂದ ಗ್ರೀಸಿಗೆ ಹೋಗುವ ಹಡಗಿನಲ್ಲಿ ರೈಲು ಪಾಸು ನಡೆಯುತ್ತಿತ್ತು. ಹಡಗು ನಡುದಾರಿಯಲ್ಲಿ ಕೊರ್ಫುವಿಗೆ ತಾಗುತ್ತಿತ್ತು. ಆಯೋಸ್ ಗೋರ್ಡಿಯೋಸ್ ಕಡಲತೀರದ ಪಿಂಕ್ ಪ್ಯಾಲೇಸ್ ಎಂಬ ಹಾಸ್ಟೆಲ್ ತನ್ನ ಬಸ್ಸನ್ನು ಬಂದರಿಗೇ ಕಳಿಸುತ್ತಿತ್ತು. ಬಂದವರ ಕೈಗೆ ಮೊದಲು ಗುಲಾಬಿ ಬಣ್ಣದ ಊಜೋ ಮದ್ಯ, ಆಮೇಲೆ ಕೋಣೆಯ ಕೀಲಿ. ವಾರಕ್ಕೊಮ್ಮೆ ಹಾಸಿಗೆ ಬಟ್ಟೆ ಸುತ್ತಿಕೊಂಡು ಕುಣಿಯುವ ‘ಟೋಗಾ’ ರಾತ್ರಿ, ತಟ್ಟೆ ಒಡೆಯುವ ಆಟ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಹುಡುಗರು ಗ್ರೀಸ್ ನೋಡಿಬಂದೆವು ಎಂದು ಹೇಳಿಕೊಳ್ಳುತ್ತಿದ್ದುದು ಎಷ್ಟೋ ಸಲ ಈ ಗುಲಾಬಿ ಕಟ್ಟಡದ ಅಂಗಳವನ್ನೇ.

ಹಾನ್ಸ್ ಬ್ರಿಂಕರಿನ ಹತ್ತಿರ ಕಡಲತೀರವೂ ಇರಲಿಲ್ಲ, ಗುಲಾಬಿ ಬಣ್ಣವೂ ಇರಲಿಲ್ಲ. ಇದ್ದದ್ದು ದೂರು. ಕೋಣೆಯಲ್ಲಿ ಏನೂ ಇಲ್ಲ, ಗದ್ದಲ, ಕಿಟಕಿ ಎಲ್ಲಿ, ಟವೆಲ್ ಎಲ್ಲಿ. 1996ರಲ್ಲಿ ಆಗಷ್ಟೇ ಕಣ್ಣುಬಿಟ್ಟಿದ್ದ ಕೆಸೆಲ್ಸ್‌ಕ್ರಾಮರ್ ಎಂಬ ಜಾಹೀರಾತು ಸಂಸ್ಥೆಯ ಹತ್ತಿರ ಹೋಟೆಲಿನ ವ್ಯವಸ್ಥಾಪಕ ರಾಬ್ ಪೆನ್ರಿಸ್ ಹೋದದ್ದು ಇದೇ ತಲೆನೋವು ಹೊತ್ತುಕೊಂಡು. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಎರಿಕ್ ಕೆಸೆಲ್ಸ್ ಆ ಕಥೆಯನ್ನು ಮುಂದೆ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ: ಹೋಟೆಲನ್ನು ಸುತ್ತಿ ನೋಡಿದರೆ ಹೊಗಳಲು ಒಂದೂ ಸಿಗಲಿಲ್ಲ, ವ್ಯವಸ್ಥಾಪಕ ಕೇಳಿದ್ದೂ ಹೊಸ ಗಿರಾಕಿಗಳನ್ನಲ್ಲ, ಬಂದವರ ದೂರು ನಿಂತರೆ ಸಾಕು ಎಂದಷ್ಟೇ. ಹಾಗಾದರೆ ಉಳಿದಿರುವ ಒಂದೇ ಐಷಾರಾಮ ಪ್ರಾಮಾಣಿಕತೆ ಎಂಬ ತೀರ್ಮಾನಕ್ಕೆ ಅವರು ಬಂದರು.

ನಂತರ ಊರಿನ ಗೋಡೆಗಳ ಮೇಲೆ ಬಿದ್ದ ಪೋಸ್ಟರುಗಳು ಜಾಹೀರಾತು ಕಲಿಯುವವರ ಪಾಠವಾದವು. ಈಗ ಪ್ರತಿ ಕೋಣೆಗೂ ಹಾಸಿಗೆ ಇದೆ ಎಂದು ಒಂದು ಹೆಮ್ಮೆಯಿಂದ ಸಾರಿತು. ಈಗ ಕೋಣೆಗೊಂದು ಬಾಗಿಲು ಕೂಡ ಇದೆ ಎಂದಿತು ಇನ್ನೊಂದು. ಕೀಲಿ ಉಚಿತ ಎಂದಿತು ಮತ್ತೊಂದು. ಕಿಟಕಿಯಿಲ್ಲದ ಕೋಣೆಗಳ ಸಂಖ್ಯೆ ಹೆಚ್ಚಿಸಿದ್ದೇವೆ ಎಂಬ ಶುಭ ಸಮಾಚಾರವೂ ಇತ್ತು. ಎಲ್ಲಕ್ಕಿಂತ ಕುಖ್ಯಾತವಾದದ್ದು ಕಾಗದದ ಪುಟ್ಟ ಬಾವುಟಗಳು. ಆ ಕಾಲದ ಆಮ್‌ಸ್ಟರ್‌ಡ್ಯಾಮಿನ ಕಾಲುದಾರಿಗಳಲ್ಲಿ ನಾಯಿ ಹೇಸಿಗೆ ನಿತ್ಯದ ಗೋಳು. ಜಾಹೀರಾತಿನವರು ಹಲ್ಲುಕಡ್ಡಿಯಂಥ ಕಡ್ಡಿಗೆ ಬಾವುಟ ಅಂಟಿಸಿ, ಬೀದಿಯಲ್ಲಿ ಬಿದ್ದಿದ್ದ ಆ ಗುಡ್ಡೆಗಳಿಗೇ ಚುಚ್ಚಿ ಹೋದರು. ಇಂಥದ್ದು ನಮ್ಮ ಹೆಬ್ಬಾಗಿಲಲ್ಲಿ ಇನ್ನೂ ಹೆಚ್ಚಿದೆ ಎಂಬುದು ಅದರ ಮೇಲಿದ್ದ ಸಂದೇಶ. ಗೋಡೆ ಬಾಡಿಗೆ ಇಲ್ಲ, ಫಲಕದ ಖರ್ಚಿಲ್ಲ. ಜಾಹೀರಾತಿನ ಜಾಗ ಒದಗಿಸಿದ್ದು ಊರಿನ ನಾಯಿಗಳು.

ಇನ್ನೊಂದು ಸರಣಿಯಲ್ಲಿ ಒಬ್ಬನದೇ ಎರಡು ಫೋಟೊ. ಎಡಗಡೆ ಚೆಕ್-ಇನ್: ಬಾಚಿದ ತಲೆ, ನಿಗಿನಿಗಿ ಮುಖ, ತಾಯಿ ಆಗಷ್ಟೇ ಕಳಿಸಿಕೊಟ್ಟಂತೆ. ಬಲಗಡೆ ಚೆಕ್-ಔಟ್: ಕೆದರಿದ ಕೂದಲು, ಕಣ್ಣಿನ ಕೆಳಗೆ ಕಪ್ಪು, ಮುಖದ ಮೇಲೆ ಏನೇನೋ ಗುರುತು. ಪದಗಳೇ ಬೇಕಿಲ್ಲ. ಈ ಮನೆಯಲ್ಲಿ ನಿದ್ದೆ ಸಿಗುವುದಿಲ್ಲ, ಆದರೆ ನೆನಪಿಟ್ಟುಕೊಳ್ಳುವಂಥದ್ದು ಏನೋ ನಡೆಯುತ್ತದೆ ಎಂಬುದು ಇಪ್ಪತ್ತರ ಹರೆಯದವನಿಗೆ ಮೊದಲ ನೋಟಕ್ಕೇ ಅರ್ಥವಾಗುತ್ತದೆ. ಮುಂದೆ ಜಗತ್ತೆಲ್ಲ ಪರಿಸರದ ಮಾತಾಡತೊಡಗಿದಾಗ ಹಾನ್ಸ್ ಬ್ರಿಂಕರ್ ತಾನು ಅಪ್ಪಿತಪ್ಪಿ ಪರಿಸರಸ್ನೇಹಿ ಆಗಿಬಿಟ್ಟಿದ್ದೇನೆ ಎಂದು ಹೇಳಿಕೊಂಡಿತು. ಪೋಸ್ಟರಿನಲ್ಲಿ ಪರಿಸರಸ್ನೇಹಿ ಲಿಫ್ಟ್ ಎಂದು ತೋರಿಸಿದ್ದು ಮೆಟ್ಟಿಲುಗಳನ್ನು. ಸ್ನಾನ ಮುಗಿಸಿದವನು ಮೈ ಒರೆಸಿಕೊಳ್ಳುತ್ತಿದ್ದದ್ದು ಕಿಟಕಿಯ ಪರದೆಯಲ್ಲಿ.

ಹಾಸಿಗೆಗಳು ತುಂಬಿದವು. ಅದಕ್ಕಿಂತ ಮುಖ್ಯವಾಗಿ, ಪೆನ್ರಿಸ್ ಕೇಳಿದ್ದು ಸಿಕ್ಕಿತು. ಇಷ್ಟನ್ನೆಲ್ಲ ಓದಿ ಬಂದವನು ಇನ್ನೇನೆಂದು ದೂರಿಯಾನು? ನಲ್ಲಿಯಲ್ಲಿ ಬಿಸಿನೀರು ಬಂದರೆ ಅದೇ ಲಾಭ. ವಸತಿಯ ವ್ಯಾಪಾರದಲ್ಲಿ ದೂರು ಹುಟ್ಟುವುದು ಹಾಸಿಗೆ ಗಟ್ಟಿಯಿದೆ ಎಂಬ ಕಾರಣಕ್ಕಲ್ಲ. ಮೆತ್ತಗಿದೆ ಎಂದು ಹೇಳಿದ್ದರಿಂದ. ಈ ಸಂಸ್ಥೆಯ ಇತಿಹಾಸದಲ್ಲಿ ದಾಖಲಿಸಲು ಯೋಗ್ಯವಾದ ಸಾಧನೆ ಇದ್ದರೆ ಅದು ಇದೇ. ಆ ಪೋಸ್ಟರುಗಳು ಯಾರು ಬರಬೇಕು ಎಂಬುದನ್ನಷ್ಟೇ ಅಲ್ಲ, ಯಾರು ಬರಬಾರದು ಎಂಬುದನ್ನೂ ವಿಂಗಡಿಸುತ್ತಿದ್ದವು. ಒಂಬತ್ತಕ್ಕೆ ಮಲಗುವ ದಂಪತಿ, ಎಳೆ ಮಗುವಿನ ತಾಯಿ, ಮರುದಿನ ಬೆಳಗ್ಗೆ ಸಭೆ ಇರುವ ಅಧಿಕಾರಿ ಆ ಗೋಡೆಯ ಮುಂದೆ ನಿಂತು ನಕ್ಕು ಬೇರೆ ಹೋಟೆಲು ಹುಡುಕಿಕೊಳ್ಳುತ್ತಿದ್ದರು.

ಪಾರ್ಟಿ ಹಾಸ್ಟೆಲ್ ನಡೆಸುವುದು ಎಂದರೆ ಮಾಲೀಕನೂ ಕುಣಿಯುತ್ತಿರುತ್ತಾನೆ ಎಂದುಕೊಂಡವರು ಒಮ್ಮೆ ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿನ ಹಜಾರದಲ್ಲಿ ನಿಲ್ಲಬೇಕು. ಹೋಟೆಲು ಮಾರುವುದು ಕೋಣೆಯನ್ನು, ಹಾಸ್ಟೆಲು ಮಾರುವುದು ಹಾಸಿಗೆಯನ್ನು. ಎಂಟು ಹಾಸಿಗೆಯ ಕೋಣೆಯಲ್ಲಿ ಐವರು ಇಂದು ಹೊರಟರೆ, ಮೂವರು ಇನ್ನೂ ಮಲಗಿರುತ್ತಾರೆ, ಅದೂ ಬೆಳಗಿನ ಜಾವ ಬಂದು ಮಲಗಿದವರು. ಅವರನ್ನು ಎಬ್ಬಿಸದೆ ಐದು ಹಾಸಿಗೆಯ ಹೊದಿಕೆ ಕಿತ್ತು, ಹೊಸದು ಹಾಕಿ, ಲಾಕರ್ ತೆರೆದು ನೋಡಿ, ಮರೆತುಹೋದ ಚಾರ್ಜರುಗಳನ್ನು ಒಟ್ಟುಮಾಡಿ ಮಧ್ಯಾಹ್ನದೊಳಗೆ ಕೋಣೆ ಸಿದ್ಧವಾಗಬೇಕು. ಯಾರೋ ರಾತ್ರಿ ವಾಂತಿ ಮಾಡಿಕೊಂಡಿದ್ದರೆ ಅದೂ ಇದೇ ಲೆಕ್ಕಕ್ಕೆ.

ಎಲ್ಲಕ್ಕಿಂತ ದೊಡ್ಡ ಶತ್ರು ತಿಗಣೆ. ದೇಶದಿಂದ ದೇಶಕ್ಕೆ ಚೀಲದೊಳಗೆ ಕೂತು ಪ್ರಯಾಣ ಮಾಡುವ ತಿಗಣೆಗೆ ಹಾಸ್ಟೆಲಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಹಳೆಯ ಮರದ ಮಂಚಗಳ ಜಾಗಕ್ಕೆ ಕಬ್ಬಿಣದ ಮಂಚಗಳು ಬಂದದ್ದರ ಹಿಂದೆ ಇದೂ ಒಂದು ಕಾರಣ. ಕಬ್ಬಿಣದ ಕೊಳವೆಗೆ ಬಿರುಕಿಲ್ಲ, ಬಿರುಕಿಲ್ಲದಿದ್ದರೆ ಮೊಟ್ಟೆಯಿಡಲು ಜಾಗ ಕಡಿಮೆ. ಹಿಂದೆ ಯುವನಿಲಯಕ್ಕೆ ಹೋಗುವವರು ಹೊದಿಕೆಯ ಚೀಲವನ್ನು ಹೊಲಿಸಿಕೊಂಡು ಒಯ್ಯಬೇಕಿತ್ತು. ಇಂದು ಅನೇಕ ಹಾಸ್ಟೆಲುಗಳಲ್ಲಿ ನಿಮ್ಮ ಮಲಗುಚೀಲವನ್ನು ಬಿಚ್ಚುವಂತೆಯೇ ಇಲ್ಲ. ಒಂದು ಹಾಸಿಗೆಯಲ್ಲಿ ಕಂಡರೂ ಇಡೀ ಕೋಣೆಯನ್ನು ಖಾಲಿ ಮಾಡಿಸಿ ಔಷಧಿ ಹೊಡೆಸಬೇಕು. ಎಂಟು ಹಾಸಿಗೆಯ ಬಾಡಿಗೆ ಅಷ್ಟು ದಿನ ಇಲ್ಲ.

ಬಾಡಿಗೆ ತಾನೇ ಎಷ್ಟು? ಹಾಸಿಗೆಯ ದರದ ಪೈಪೋಟಿಯಲ್ಲಿ ಉಳಿಯುವುದು ಅಲ್ಪ. ಲಾಭದ ದೊಡ್ಡ ಪಾಲು ಬರುವುದು ಬಾರಿನಿಂದ. ಹಾಗಾಗಿಯೇ ಇಂಥ ಹಲವು ಕಡೆ ಅತಿಥಿಗಳಿಗೆ ಅಡುಗೆಮನೆ ಇರುವುದಿಲ್ಲ, ಇದ್ದರೂ ಮೂಲೆಯಲ್ಲಿ. ಸಂಜೆ ಒಂದು ಗಂಟೆ ಬಿಯರು ಅರ್ಧ ಬೆಲೆಗೆ ಎನ್ನುವುದು ಕುಡಿಸಲಿಕ್ಕಷ್ಟೇ ಅಲ್ಲ. ಒಬ್ಬೊಬ್ಬರೇ ಬಂದವರನ್ನು ಒಂದೇ ಹೊತ್ತಿಗೆ ಒಂದೇ ಮೇಜಿಗೆ ಕೂರಿಸಲಿಕ್ಕೆ. ಅಪರಿಚಿತ ಊರಿಗೆ ಒಂಟಿಯಾಗಿ ಬಂದ ಹತ್ತೊಂಬತ್ತರ ಹುಡುಗಿಗೆ ಬೇಕಾದ್ದು ಬಿಯರಿಗಿಂತ ಹೆಚ್ಚಾಗಿ, ನಾಳೆ ಎಲ್ಲಿಗೆ ಹೋಗುತ್ತೀಯಾ ಎಂದು ಕೇಳುವ ಇನ್ನೊಬ್ಬಳು. ಗುಂಪಾಗಿ ಬರುವವರು ಇದಕ್ಕೇ ಅಪಾಯ: ಮದುವೆಗೆ ಮೊದಲಿನ ‘ಬ್ಯಾಚುಲರ್ ಪಾರ್ಟಿ’ಗೆಂದು ಹದಿನೈದು ಗೆಳೆಯರು ಒಟ್ಟಿಗೆ ಬಂದರೆ ಅವರು ಯಾರೊಡನೆಯೂ ಬೆರೆಯುವುದಿಲ್ಲ, ಉಳಿದವರೆಲ್ಲ ಮೂಲೆಗೆ ಸರಿಯುತ್ತಾರೆ. ಅನುಭವಸ್ಥ ಮಾಲೀಕರು ಗುಂಪಿನ ಬುಕಿಂಗನ್ನು ನಿರಾಕರಿಸುವುದು, ಮುಂಗಡ ಠೇವಣಿ ಕೇಳುವುದು, 18ರಿಂದ 35 ಅಥವಾ 40ರೊಳಗಿನವರಿಗೆ ಮಾತ್ರ ಎಂದು ಫಲಕ ಹಾಕುವುದು ಈ ಕಾರಣಕ್ಕೆ. ರಾತ್ರಿ ಪಾಳಿಯವನು ಮಾತ್ರ ಕುಡಿಯುವಂತಿಲ್ಲ. ಇಡೀ ಕಟ್ಟಡದಲ್ಲಿ ನೆಟ್ಟಗೆ ನಿಂತಿರುವವನು ಅವನೊಬ್ಬನೇ ಆಗಿರುವ ರಾತ್ರಿಗಳು ಬೇಕಾದಷ್ಟು.

ಹೆಸರು ಮೊದಮೊದಲು ಬಾಯಿಂದ ಬಾಯಿಗೆ ಹರಡುತ್ತಿತ್ತು. ಒಂದು ಊರಿನ ರೈಲು ನಿಲ್ದಾಣದಲ್ಲಿ ಸಿಕ್ಕವನು ಮುಂದಿನ ಊರಿನ ಹಾಸ್ಟೆಲ್ ಹೇಳುತ್ತಿದ್ದ. 1999ರಲ್ಲಿ ಡಬ್ಲಿನ್ನಿನಲ್ಲಿ ಹಾಸ್ಟೆಲ್ ಕಾದಿರಿಸುವ ಜಾಲತಾಣ ಹಾಸ್ಟೆಲ್‌ವರ್ಲ್ಡ್ ಹುಟ್ಟಿದ ಮೇಲೆ ಈ ಬಾಯಿಮಾತಿಗೆ ಅಂಕ ಬಂತು. ಅದರ ಮೂಲವೂ ಒಂದು ಹಾಸ್ಟೆಲೇ: ಅಲ್ಲಿನ ಅವಲಾನ್ ಹೌಸ್ ನಡೆಸುತ್ತಿದ್ದ ಟಾಮ್ ಕೆನಡಿಗೆ ಹಾಸಿಗೆಗಳ ಲೆಕ್ಕ ಇಡಲು ಒಂದು ತಂತ್ರಾಂಶ ಬೇಕಿತ್ತು, ರೇ ನೋಲನ್ ಅದನ್ನು ಬರೆದ. ತಂಗಿ ಹೋದವರು ಸುರಕ್ಷತೆ, ಸ್ಥಳ, ಸಿಬ್ಬಂದಿ, ಸ್ವಚ್ಛತೆ ಹೀಗೆ ಒಂದೊಂದಕ್ಕೂ ಅಂಕ ಕೊಡಬೇಕು. ಅದರಲ್ಲಿ ‘ವಾತಾವರಣ’ ಎಂಬುದೂ ಒಂದು ವಿಷಯ. ಪಂಚತಾರಾ ಹೋಟೆಲಿನಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಸ್ವಚ್ಛತೆಯಲ್ಲಿ ಏಳು ಪಡೆದು ವಾತಾವರಣದಲ್ಲಿ ಹತ್ತಕ್ಕೆ ಹತ್ತು ಪಡೆದ ಹಾಸ್ಟೆಲಿಗೆ ಹೋಗಬೇಕೋ, ಅದರ ತಿರುಗುಮುರುಗಾದ್ದಕ್ಕೆ ಹೋಗಬೇಕೋ ಎಂಬುದನ್ನು ಓದುವವನೇ ತೀರ್ಮಾನಿಸುತ್ತಾನೆ. ಹಾನ್ಸ್ ಬ್ರಿಂಕರ್ ಪೋಸ್ಟರ್ ಹಚ್ಚಿ ಮಾಡಿದ ವಿಂಗಡಣೆಯನ್ನು ಈಗ ಗಿರಾಕಿಗಳೇ ಬಿಟ್ಟಿಯಾಗಿ ಮಾಡುತ್ತಾರೆ.

ಸಿನಿಮಾದವರೂ ತಮ್ಮ ಪಾಲು ಸೇರಿಸಿದರು. ಎಲಿ ರಾತ್‌ನ 2005ರ ಭಯಾನಕ ಚಿತ್ರ ‘ಹಾಸ್ಟೆಲ್’ ಶುರುವಾಗುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ, ತಡವಾಗಿ ಬಂದು ಬಾಗಿಲು ಮುಚ್ಚಿಸಿಕೊಂಡು ಬೀದಿಯಲ್ಲಿ ನಿಂತ ಪ್ರವಾಸಿ ಹುಡುಗರಿಂದ. ಕಥೆಯ ಕ್ರೌರ್ಯವೆಲ್ಲ ಸ್ಲೊವಾಕಿಯಾದ ತಲೆಗೆ ಬಂದದ್ದರಿಂದ ಅಲ್ಲಿನ ಅಧಿಕಾರಿಗಳು ಸಿಟ್ಟಾದರು. ಭಾರತೀಯರಿಗೆ ಮಾತ್ರ ಆಮ್‌ಸ್ಟರ್‌ಡ್ಯಾಮಿನ ಹಾಸ್ಟೆಲ್ ಪರಿಚಯವಾದದ್ದು 2014ರ ‘ಕ್ವೀನ್’ ಚಿತ್ರದಿಂದ. ಮದುವೆ ಮುರಿದು ಒಬ್ಬಳೇ ಮಧುಚಂದ್ರಕ್ಕೆ ಹೊರಟ ದಿಲ್ಲಿಯ ರಾಣಿ ಅಲ್ಲಿ ಮೂವರು ಅಪರಿಚಿತ ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಇರಬೇಕಾಗುತ್ತದೆ. ಮೊದಲ ರಾತ್ರಿಯ ಗಾಬರಿ ಕೆಲವೇ ದಿನಗಳಲ್ಲಿ ಗೆಳೆತನವಾಗುತ್ತದೆ. ಅದೇ ಕಥೆಯನ್ನು ರಮೇಶ್ ಅರವಿಂದ್ ಕನ್ನಡದಲ್ಲಿ ‘ಬಟರ್‌ಫ್ಲೈ’ ಎಂದು, ಪಾರುಲ್ ಯಾದವ್ ಅವರನ್ನು ನಾಯಕಿಯಾಗಿಸಿ ನಿರ್ದೇಶಿಸಿದರು. ‘ಕ್ವೀನ್’ ತೆರೆಕಾಣುವ ಹಿಂದಿನ ವರ್ಷವೇ ಜೋಧಪುರದಲ್ಲಿ ಝಾಸ್ಟೆಲ್ ಎಂಬ ಹಾಸ್ಟೆಲ್ ಸರಪಳಿಯ ಮೊದಲ ಮನೆ ತೆರೆದಿತ್ತು. ಇಂದು ಗೋಕರ್ಣದ ಗುಡ್ಡದ ಮೇಲೂ ಇಂಥ ಹಾಸ್ಟೆಲುಗಳಿವೆ. ಆದರೆ ನಮ್ಮಲ್ಲಿ ಮದ್ಯ ಮಾರಲು ಬೋರ್ಡಿಂಗ್ ಲಾಡ್ಜಿಂಗ್‌ನವರು ಸಿಎಲ್-7 ಸನ್ನದು ಹಿಡಿದಿರಬೇಕು. ಬಂಕ್ ಮಂಚದ ಹಾಸ್ಟೆಲುಗಳಲ್ಲಿ ಅದು ಸಾಮಾನ್ಯವಲ್ಲ. ಇಲ್ಲಿನ ‘ಪಾರ್ಟಿ’ ಹೆಚ್ಚಿನಂಶ ಗಿಟಾರು, ಇಸ್ಪೀಟು, ನಡುರಾತ್ರಿಯ ಮ್ಯಾಗಿ. ಸ್ಥಳೀಯ ವಿಳಾಸದ ಗುರುತುಚೀಟಿ ತಂದವರಿಗೆ ಹಾಸಿಗೆ ಕೊಡುವುದಿಲ್ಲ ಎಂಬ ನಿಯಮವನ್ನೂ ಹಲವು ಹಾಸ್ಟೆಲುಗಳು ಇಟ್ಟುಕೊಂಡಿವೆ; ಊರಿನ ಹುಡುಗರು ವಾರಾಂತ್ಯದ ಅಡ್ಡೆ ಮಾಡಿಕೊಳ್ಳಬಾರದೆಂದು.

ಹೆಸರಿನಲ್ಲಿ ಎರಡು ಬಗೆ. ಇಲ್ಲದ್ದನ್ನು ಇಲ್ಲ ಎಂದು ಹೇಳಿ ಗಳಿಸಿದ್ದು ಒಂದು. ಎಲ್ಲವೂ ಬಿಟ್ಟಿ ಎಂದು ಹೇಳಿ ಗಳಿಸಿದ್ದು ಇನ್ನೊಂದು. ಎರಡನೆಯದರ ಲೆಕ್ಕ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ ಸಿಗುತ್ತದೆ. ಸುಣ್ಣಕಲ್ಲಿನ ಗುಡ್ಡಗಳ ನಡುವೆ ನಾಮ್ ಸಾಂಗ್ ನದಿಯ ದಡದ ಊರು. 1999ರಲ್ಲಿ ಅಲ್ಲಿನ ಸಾವಯವ ತೋಟದ ಮಾಲೀಕ ಥನೋಂಗ್ಸಿ ಸೊರಂಗ್‌ಕೂನ್ ತೋಟಕ್ಕೆ ದುಡಿಯಲು ಬಂದ ಸ್ವಯಂಸೇವಕರಿಗೆ ಲಾರಿ ಟೈರಿನ ಟ್ಯೂಬು ತಂದುಕೊಟ್ಟ, ನದಿಯಲ್ಲಿ ತೇಲಿ ದಣಿವಾರಿಸಿಕೊಳ್ಳಲಿ ಎಂದು. ಹತ್ತು ವರ್ಷದೊಳಗೆ ನದಿಯ ಎರಡೂ ದಡದಲ್ಲಿ ಬಾರುಗಳು ಎದ್ದವು. ಟ್ಯೂಬಿನಲ್ಲಿ ತೇಲುತ್ತಿದ್ದವರನ್ನು ಹಗ್ಗ ಎಸೆದು ದಡಕ್ಕೆ ಎಳೆದುಕೊಂಡು ಬಿಟ್ಟಿ ಭಟ್ಟಿ ಕುಡಿಸುತ್ತಿದ್ದರು. ಕುಡಿದವರು ಮರದ ಮೇಲಿನ ಹಗ್ಗದ ಜೋಕಾಲಿಯಿಂದ ಆಳ ಕಡಿಮೆಯಿದ್ದ ನೀರಿಗೆ ಹಾರುತ್ತಿದ್ದರು. 2011ರಲ್ಲಿ 27 ಪ್ರವಾಸಿಗಳು ಸತ್ತರೆಂದು ಊರಿನ ಆಸ್ಪತ್ರೆಯ ಲೆಕ್ಕ. ಟ್ಯೂಬು ತಂದ ತೋಟದ ಮಾಲೀಕನೇ ಆ ಅಬ್ಬರದ ವಿರುದ್ಧ ದೂರುವಂತಾಗಿತ್ತು. 2012ರಲ್ಲಿ ಸರ್ಕಾರ ದಡದ ಬಾರುಗಳನ್ನು ಮುಚ್ಚಿಸಿತು.

ಊರು ಆಮೇಲೆ ಗುಡ್ಡ ಹತ್ತುವವರ, ಗುಹೆ ನೋಡುವವರ ಊರಾಗಲು ಯತ್ನಿಸಿತು, ಒಂದಿಷ್ಟು ಆಯಿತು ಕೂಡ. ಆದರೆ ಹಳೆಯ ಹೆಸರು ಹೋಗಲಿಲ್ಲ. 2024ರ ನವೆಂಬರಿನಲ್ಲಿ ಅಲ್ಲಿ ಮೆಥನಾಲ್ ಬೆರೆತ ಮದ್ಯದಿಂದ ಆರು ವಿದೇಶಿಯರು ಸತ್ತರು: ಡೆನ್ಮಾರ್ಕಿನ ಇಬ್ಬರು, ಆಸ್ಟ್ರೇಲಿಯಾದ ಇಬ್ಬರು, ಬ್ರಿಟನ್ನಿನ ಒಬ್ಬರು, ಅಮೆರಿಕದ ಒಬ್ಬರು. ಹತ್ತೊಂಬತ್ತು ವರ್ಷದವರೂ ಅವರಲ್ಲಿದ್ದರು. ಮೆಥನಾಲಿಗೆ ಬೇರೆ ವಾಸನೆಯಿಲ್ಲ, ಬೇರೆ ರುಚಿಯಿಲ್ಲ; ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರಕ್ಕೆ ಕೈಹಾಕುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡವರನ್ನು ಕೊಂದ ಕಳ್ಳಭಟ್ಟಿಯಲ್ಲಿದ್ದದ್ದೂ ಇದೇ ವಿಷ. ಹಾಸ್ಟೆಲಿನ ಕೌಂಟರಿನಲ್ಲಿ ಬಿಟ್ಟಿ ಸಿಗುವ ಗ್ಲಾಸಿನ ಖರ್ಚನ್ನು ಯಾರೋ ಎಲ್ಲೋ ಉಳಿಸಿರುತ್ತಾರೆ ಎಂಬುದನ್ನು ಹತ್ತೊಂಬತ್ತರ ವಯಸ್ಸು ಯೋಚಿಸುವುದಿಲ್ಲ. ಯೋಚಿಸಬೇಕಾದವರು ಕೌಂಟರಿನ ಹಿಂದೆ ಇರುವವರು.

ಇತ್ತ ಆಮ್‌ಸ್ಟರ್‌ಡ್ಯಾಮಿಗೆ ತನ್ನ ಹೆಸರೇ ಭಾರವಾಯಿತು. 2017ರಲ್ಲಿ ಬಿಯರು ಕುಡಿಯುತ್ತ ಹತ್ತು ಹನ್ನೆರಡು ಜನ ಪೆಡಲು ತುಳಿಯುವ ‘ಬಿಯರ್ ಬೈಕ್’ಗಳನ್ನು ನಗರದ ನಡುಭಾಗದಿಂದ ಹೊರಹಾಕಿದರು. 2018ರ ಡಿಸೆಂಬರಿನಲ್ಲಿ, ಪ್ರವಾಸಿಗಳು ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದ ‘ಐ ಆಮ್‌ಸ್ಟರ್‌ಡ್ಯಾಮ್’ ಅಕ್ಷರಗಳನ್ನು ವಸ್ತುಸಂಗ್ರಹಾಲಯದ ಮೈದಾನದಿಂದ ಕಿತ್ತರು. 2020ರಿಂದ ಕೆಂಪುದೀಪದ ಬೀದಿಗಳಲ್ಲಿ ಗೈಡುಗಳ ಗುಂಪು ಪ್ರವಾಸ ಬಂದ್. 2023ರ ಮಾರ್ಚಿನಲ್ಲಿ ಬಂತು ‘ದೂರವಿರಿ’ ಅಭಿಯಾನ. ಬ್ರಿಟನ್ನಿನಲ್ಲಿ ಕೂತು 18ರಿಂದ 35ರ ಹರೆಯದ ಗಂಡಸರು ಆಮ್‌ಸ್ಟರ್‌ಡ್ಯಾಮಿನ ಅಗ್ಗದ ಹೋಟೆಲು, ಬಾರ್ ಸುತ್ತಾಟ, ಬ್ಯಾಚುಲರ್ ಪಾರ್ಟಿ ಎಂದು ಹುಡುಕಿದರೆ ಅವರೆದುರು ಒಂದು ವಿಡಿಯೊ ತೆರೆದುಕೊಳ್ಳುತ್ತಿತ್ತು: ಕೈಕೋಳ, ಬೆರಳಚ್ಚು, ಆಂಬುಲೆನ್ಸ್, ಮೋಜಿಗೆ ಬರುವುದಾದರೆ ಬರಲೇಬೇಡಿ ಎಂಬ ಸಂದೇಶ. ಹೋಟೆಲೊಂದು 1996ರಲ್ಲಿ ನಗುತ್ತ ಮಾಡಿದ್ದನ್ನು ಊರು 27 ವರ್ಷದ ಮೇಲೆ ಮುಖ ಗಂಟಿಕ್ಕಿ ಮಾಡಿತು. ಬರಬೇಡಿ ಎಂದು ಹೋಟೆಲು ಹೇಳಿದಾಗ ಜನ ಮುಗಿಬಿದ್ದಿದ್ದರು. ನಗರಾಡಳಿತದವರು ಕೆರ್ಕ್‌ಸ್ಟ್ರಾಟಿನಲ್ಲಿ ಒಮ್ಮೆ ವಿಚಾರಿಸಿದ್ದರೆ ಒಳ್ಳೆಯದಿತ್ತೇನೋ.

ಕೆರ್ಕ್‌ಸ್ಟ್ರಾಟಿನ ಮನೆ ಈಗ ‘ಬಜೆಟ್ ಹೋಟೆಲ್’ ಎಂಬ ಬಾಲ ಕಳಚಿ ಹಾನ್ಸ್ ಬ್ರಿಂಕರ್ ಹಾಸ್ಟೆಲ್ ಎಂದು ಕರೆದುಕೊಳ್ಳುತ್ತದೆ. ಲಿಸ್ಬನ್ನಿನಲ್ಲೂ ಅದೇ ಹೆಸರಿನ ಮನೆ ತೆರೆಯಿತು. ಆಮ್‌ಸ್ಟರ್‌ಡ್ಯಾಮಿನ ಮನೆಯ ಸುತ್ತಲಿನ ಕಾಲುವೆ ವರ್ತುಲ 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2024ರಿಂದ ಹಾಸಿಗೆಯ ಬೆಲೆಯ ಮೇಲೆ ನಗರ ವಸೂಲು ಮಾಡುವ ಪ್ರವಾಸಿ ತೆರಿಗೆ ಶೇಕಡಾ 12.5. ಅದೇ ವರ್ಷದ ನಿಯಮದಂತೆ ಇನ್ನು ಮುಂದೆ ಹಳೆಯ ಹೋಟೆಲೊಂದು ಮುಚ್ಚಿದರೆ ಮಾತ್ರ ಹೊಸದಕ್ಕೆ ಅನುಮತಿ, ಅದೂ ಒಟ್ಟು ಹಾಸಿಗೆಗಳ ಸಂಖ್ಯೆ ಹೆಚ್ಚದಂತೆ. ಅಲ್ಲಿಗೆ, ಕಿಟಕಿಯಿಲ್ಲ ಎಂದು ಗೇಲಿ ಮಾಡಿಸಿಕೊಂಡ ಆ 500 ಹಾಸಿಗೆಗಳಂಥವನ್ನು ಆ ಊರಿನ ನಡುಮಧ್ಯದಲ್ಲಿ ಇನ್ನು ಯಾರೂ ಹೆಚ್ಚುವರಿಯಾಗಿ ಹಾಕುವಂತಿಲ್ಲ.